ಕಾನಕಾನಹಳ್ಳಿ ಸೀಮೆಯಲ್ಲಿ ದೇವರ ಪಾಡು

ಪಾಡು ಎಂಬುದು ಕನ್ನಡದಲ್ಲಿ ಬಡವರ ನಾಲಿಗೆಯ ಪದ. ನಾಯಿಪಾಡು, ಅವರವರ ಪಾಡು ಅವರವರಿಗೆ, ಈ ಪಾಡು ಶತ್ರುವಿಗೂ ಬೇಡ ಎನ್ನುವಾಗ ಅದರೊಳಗೆ ಹಸಿವು, ರೋಗ, ಸಾಲ, ಅವಮಾನ ಎಲ್ಲವೂ ಅಡಗಿರುತ್ತವೆ. ಏಕೆ ಬಂತು, ಯಾರ ತಪ್ಪಿಗೆ ಬಂತು ಎಂಬ ಲೆಕ್ಕ ಮಾತ್ರ ಇರುವುದಿಲ್ಲ. ಕನಕಪುರದ ಆಸುಪಾಸಿನ ಕಥೋಲಿಕ ಕ್ರೈಸ್ತರು ಇದೇ ಪದವನ್ನು ದೇವರಿಗೂ ಬಳಸುತ್ತಾರೆ. ಯೇಸುಸ್ವಾಮಿಯನ್ನು ಹಿಡಿದು, ಹೊಡೆದು, ಶಿಲುಬೆ ಹೊರಿಸಿ ಕೊಂದದ್ದಷ್ಟೂ ಅವರ ಜಪದ ಮಾತಿನಲ್ಲಿ ‘ಪಾಡುಗಳು’. ಪ್ರೊಟೆಸ್ಟಂಟರ ಸತ್ಯವೇದದಲ್ಲಿ ಅದೇ ಜಾಗದಲ್ಲಿ ‘ಶ್ರಮೆ’, ‘ಬಾಧೆ’ ಎಂಬ ಗಂಭೀರ ಪದಗಳು ಸಿಗುತ್ತವೆ. ದೇವರು ಒಳ್ಳೆಯವನೂ ಹೌದು, ಎಲ್ಲ ಬಲ್ಲವನೂ ಹೌದು ಎಂದಾದರೆ ಮನುಷ್ಯನ ಪಾಡು ಹೀಗೇಕೆ ಎಂಬ ಪ್ರಶ್ನೆಗೆ ಕ್ರೈಸ್ತ ಪಂಡಿತರು ಎರಡು ಸಾವಿರ ವರ್ಷಗಳಿಂದ ಉತ್ತರ ಹೊಸೆಯುತ್ತಲೇ ಬಂದಿದ್ದಾರೆ. ಮರಳವಾಡಿ, ಹಾರೋಹಳ್ಳಿ, ಸಾತನೂರು, ಹಾರೋಬೆಲೆಗಳ ಈ ಸೀಮೆ, ಇಂದಿನ ಕನಕಪುರ, ಹಳೆಯ ದಫ್ತರುಗಳ ಕಾನಕಾನಹಳ್ಳಿ, ಆ ಉತ್ತರಗಳನ್ನು ಪುಸ್ತಕದಲ್ಲಿ ಓದಿ ತೂಗಲಿಲ್ಲ. ಯುದ್ಧ, ಸಿಡುಬು, ಬರ ಬಂದು ಅವುಗಳನ್ನು ತೂಗಿದವು. ದೂರ ನಿಂತು ನೋಡುವವರಿಗೆ ಸಮಾಧಾನ ಕೊಡುತ್ತಿದ್ದ ವಿವರಣೆಗಳು ಇಲ್ಲಿ ಒಂದೊಂದಾಗಿ ಸೋತವು. ಪಾಡನ್ನು ದೇವರೂ ಪಟ್ಟ ಎಂಬ ನಂಬಿಕೆ ಮತ್ತು ಪಾಡನ್ನು ಕಡಿಮೆ ಮಾಡುವ ಕೈಗೆಲಸ, ಇವೆರಡೇ ನಿಂತವು ಎಂಬುದು ನನ್ನ ವಾದ.

ಮೊದಲು ಆ ವಿವರಣೆಗಳು ಏನೆಂದು ನೋಡಬೇಕು. ನಾಲ್ಕನೇ–ಐದನೇ ಶತಮಾನದ ಸಂತ ಅಗಸ್ಟೀನನ ಪ್ರಕಾರ ಕೇಡಿಗೆ ಸ್ವಂತ ಅಸ್ತಿತ್ವವೇ ಇಲ್ಲ. ಕತ್ತಲೆಂದರೆ ಬೆಳಕಿಲ್ಲದಿರುವುದು ಹೇಗೋ ಹಾಗೆ ಕೇಡೆಂದರೆ ಒಳಿತಿನ ಕೊರತೆ. ಮನುಷ್ಯ ತನಗೆ ಕೊಟ್ಟ ಸ್ವಾತಂತ್ರ್ಯವನ್ನು ಕೆಡಿಸಿಕೊಂಡ, ಆದಿಪಾಪದ ಫಲವನ್ನು ಸಂತತಿಯೆಲ್ಲ ಉಣ್ಣುತ್ತಿದೆ. ಅವನಿಗೂ ಹಿಂದಿನ ಐರೇನಿಯಸ್ ಬೇರೆ ದಾರಿ ಹಿಡಿದಿದ್ದ: ಮನುಷ್ಯ ಇನ್ನೂ ಹಣ್ಣಾಗದ ಕಾಯಿ, ಕಷ್ಟದ ಬಿಸಿಲಿನಲ್ಲಿ ಅವನು ಮಾಗಬೇಕು. ಇವುಗಳ ಅಕ್ಕಪಕ್ಕದಲ್ಲಿ ಜನಸಾಮಾನ್ಯರಿಗೆ ಹೇಳುತ್ತ ಬಂದ ಎರಡು ಸುಲಭದ ಉತ್ತರಗಳಿದ್ದವು. ಒಂದು, ಇದು ಪಾಪಕ್ಕೆ ಶಿಕ್ಷೆ. ಇನ್ನೊಂದು, ಇದು ನಂಬಿಕೆಯ ಪರೀಕ್ಷೆ. ಸೋಜಿಗವೆಂದರೆ, ಬೈಬಲ್ಲೇ ಈ ಎರಡನ್ನೂ ಅನುಮಾನದಿಂದ ನೋಡುತ್ತದೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ನಮ್ಮ ಯಾವ ಊರಿನ ಅರಳಿಕಟ್ಟೆಯಲ್ಲಾದರೂ ಹುಟ್ಟಬಹುದಾದ ಪ್ರಶ್ನೆ ಅದು. ಇಬ್ಬರೂ ಅಲ್ಲ ಎನ್ನುವ ಯೇಸು ಕುರುಡನ ಕಣ್ಣಿಗೆ ಕೆಸರು ಹಚ್ಚಿ ಗುಣಪಡಿಸಲು ತೊಡಗುತ್ತಾನೆ. ಸಿಲೋವದಲ್ಲಿ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಪಾಪಿಗಳೇನಲ್ಲ ಎಂದೂ ಹೇಳುತ್ತಾನೆ. ಯೋಬನ ಗ್ರಂಥದಲ್ಲಂತೂ, ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಎಂದು ಅಧ್ಯಾಯಗಟ್ಟಲೆ ವಾದಿಸಿದ ಗೆಳೆಯರ ಮೇಲೆಯೇ ಕೊನೆಗೆ ದೇವರು ಸಿಟ್ಟಾಗುತ್ತಾನೆ. ಆದರೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ದುಡಿದು 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವವರೆಗೆ ಯೋಬನ ಈ ಜಗಳ ಕನ್ನಡದಲ್ಲಿ ಓದಲು ಸಿಗುತ್ತಿರಲಿಲ್ಲ. ಹಳ್ಳಿಗೆ ಬಂದದ್ದು ಜ್ಞಾನೋಪದೇಶದ ಪ್ರಶ್ನೋತ್ತರ. ಅಲ್ಲಿ ಉತ್ತರಗಳು ಯಾವಾಗಲೂ ಚಿಕ್ಕವು.

ಆ ಜ್ಞಾನೋಪದೇಶವನ್ನು ತಂದವರು ಯೇಸುಸಭೆಯ ಪಾದ್ರಿಗಳಾದ ಜೆಸ್ವಿತರು. ನೇಪಲ್ಸಿನ ಲಿಯೊನಾರ್ಡೊ ಚಿನ್ನಾಮಿ 1648ರ ಹೊತ್ತಿಗೆ ಕಂಠೀರವ ನರಸರಾಜ ಒಡೆಯರ ಶ್ರೀರಂಗಪಟ್ಟಣಕ್ಕೆ ಬಂದ. ಸಂನ್ಯಾಸಿಯ ವೇಷ ತೊಟ್ಟು, ಕನ್ನಡ ಕಲಿತು, ಕನ್ನಡದಲ್ಲೇ ಉಪದೇಶದ ಪುಸ್ತಕ ಬರೆದ. ಅಲ್ಲಿಂದ ಕಾವೇರಿ, ಅರ್ಕಾವತಿಗಳ ದಂಡೆ ಹಿಡಿದು ಮಿಷನ್ ಹಬ್ಬಿತು. ಹಾರೋಬೆಲೆ ತನ್ನ ಕ್ರೈಸ್ತ ಮೂಲವನ್ನು ಹುಡುಕುವುದು ಈ ಕಾಲದಲ್ಲೇ. ಮೈಸೂರು ಮಿಷನ್ ಗೋವಾದ ಜೆಸ್ವಿತ ಪ್ರಾಂತ್ಯದ ಕೆಳಗಿತ್ತು, ಗೋವಾ ಲಿಸ್ಬನ್ನಿನ ಕೆಳಗೆ. ಆಡಳಿತದ ಈ ಸಣ್ಣ ಸಂಗತಿಯಿಂದಾಗಿ ದೇವರು ಕಷ್ಟವನ್ನೇಕೆ ಬಿಟ್ಟಿದ್ದಾನೆ ಎಂಬ ಯುರೋಪಿನ ಅತಿ ದೊಡ್ಡ ಜಗಳಕ್ಕೂ ಅರ್ಕಾವತಿ ದಂಡೆಗೂ ನಂಟು ಬೆಳೆಯಿತು.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಲಿಸ್ಬನ್ನಿನ ಇಗರ್ಜಿಗಳು ಕಿಕ್ಕಿರಿದಿದ್ದ ಬೆಳಗಿನಲ್ಲಿ ಭೂಮಿ ನಡುಗಿತು. ಹಿಂದೆಯೇ ಕಡಲು ನುಗ್ಗಿತು, ಆಮೇಲೆ ಬೆಂಕಿ. ಪೂಜೆಯಲ್ಲಿದ್ದವರ ಮೇಲೆಯೇ ಕಲ್ಲಿನ ಕಮಾನುಗಳು ಬಿದ್ದವು. ಇದ್ದುದರಲ್ಲಿ ಇದೇ ಅತ್ಯುತ್ತಮ ಜಗತ್ತು ಎಂಬ ಲೈಬ್ನಿಟ್ಸನ ವಾದವನ್ನು ವೋಲ್ಟೇರ್ ಗೇಲಿ ಮಾಡಿದ್ದು ಈ ಅನಾಹುತದ ಹಿನ್ನೆಲೆಯಲ್ಲೇ. ಲಿಸ್ಬನ್ನಿನಲ್ಲಿ ಗೇಬ್ರಿಯಲ್ ಮಲಗ್ರಿಡ ಎಂಬ ವೃದ್ಧ ಜೆಸ್ವಿತ 1756ರಲ್ಲಿ ಒಂದು ಕಿರುಹೊತ್ತಗೆ ಬರೆದು, ಇದಕ್ಕೆ ನಿಜವಾದ ಕಾರಣ ನಗರದ ಪಾಪವೇ ಹೊರತು ಪ್ರಕೃತಿಯಲ್ಲ, ಜನ ಮನೆ ಕಟ್ಟುವುದನ್ನು ಬಿಟ್ಟು ಪಶ್ಚಾತ್ತಾಪ ಪಡಲಿ ಎಂದು ಸಾರಿದ. ಹೆಣ ಹೂಳಿಸಿ, ಅನ್ನ ಹಂಚಿಸಿ, ಊರು ಕಟ್ಟಿಸಲು ಹೆಣಗುತ್ತಿದ್ದ ಮಂತ್ರಿ ಪೊಂಬಾಲನಿಗೆ ಈ ಉಪದೇಶ ವಿಷದಂತೆ ಕಂಡಿತು. ಅವನ ಜೆಸ್ವಿತ ದ್ವೇಷಕ್ಕೆ ಇದೊಂದೇ ಕಾರಣವಲ್ಲ. ದಕ್ಷಿಣ ಅಮೆರಿಕದ ವಸಾಹತುಗಳ ತಕರಾರು, 1758ರಲ್ಲಿ ದೊರೆಯ ಮೇಲೆ ನಡೆದ ಕೊಲೆಯತ್ನ, ಎಲ್ಲವೂ ಕೂಡಿಕೊಂಡವು. 1759ರಲ್ಲಿ ಜೆಸ್ವಿತರನ್ನು ಪೋರ್ಚುಗಲ್ ಮತ್ತು ಅದರ ವಸಾಹತುಗಳಿಂದ ಹೊರಹಾಕಿದರು, 1761ರಲ್ಲಿ ಮಲಗ್ರಿಡನಿಗೆ ಮರಣದಂಡನೆಯಾಯಿತು, 1773ರಲ್ಲಿ ಪೋಪರು ಆ ಸಂಸ್ಥೆಯನ್ನೇ ವಿಸರ್ಜಿಸಿದರು. ಗೋವಾದ ಬೇರು ಕಡಿದ ಮೇಲೆ ಮೈಸೂರಿನ ಕೊಂಬೆ ಒಣಗದೆ ಇರುತ್ತದೆಯೇ? ಕಷ್ಟ ಎಂದರೆ ಶಿಕ್ಷೆ ಎಂದು ಸಾರುತ್ತಿದ್ದ ಒಂದು ಧ್ವನಿಯೂ ಅದನ್ನು ಅಡಗಿಸಿದ ರಾಜಕೀಯವೂ ಕೂಡಿ, ಸಾವಿರಾರು ಮೈಲಿ ದೂರದ ಹಳ್ಳಿಗಳಲ್ಲಿ ಪೂಜೆ ಮಾಡುವ, ಸಾಯುವವರಿಗೆ ಅಭ್ಯಂಗ ಕೊಡುವ ಗುರುಗಳ ಸಂಖ್ಯೆಯನ್ನು ಬೆರಳೆಣಿಕೆಗೆ ಇಳಿಸಿದವು. ಹೈದರನ, ಟಿಪ್ಪುವಿನ ಯುದ್ಧಗಳು ಬಂದಾಗ ಇಲ್ಲಿನ ಕ್ರೈಸ್ತರು ಬಹುಮಟ್ಟಿಗೆ ಉಪದೇಶಿಗಳನ್ನೂ ಬಾಯಿಪಾಠದ ಜಪಗಳನ್ನೂ ನೆಚ್ಚಿಕೊಂಡಿದ್ದರು.

ಆ ಯುದ್ಧಗಳಲ್ಲಿ ಕಾನಕಾನಹಳ್ಳಿ ಪಟ್ಟ ಪಾಡಿಗೆ ಧರ್ಮದ ಬಣ್ಣವಿರಲಿಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯೊಂದರಲ್ಲಿ ಊರು ಇದ್ದುದೇ ತಪ್ಪಾಯಿತು. ಇಂಗ್ಲಿಷರ ದಂಡಿಗೆ ಕಾಳುಕಡ್ಡಿ, ಮೇವು ಸಿಗಬಾರದೆಂದು ಟಿಪ್ಪು ಅದನ್ನು ಎರಡು ಸಲ ಹಾಳುಗೆಡವಿಸಿದನೆಂದು ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅತ್ತ 1784ರಲ್ಲಿ ಕೆನರಾದ ಕಥೋಲಿಕರನ್ನು, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ, ಹಿಡಿದು ಶ್ರೀರಂಗಪಟ್ಟಣಕ್ಕೆ ಅಟ್ಟಿದ್ದಾಯಿತು. ಎಷ್ಟು ಜನ ಎಂಬುದರ ಮೇಲೆ ಇಂದಿಗೂ ಜಗಳವಿದೆ. ಮೂವತ್ತು ಸಾವಿರ ಎಂದವರಿದ್ದಾರೆ, ಅರವತ್ತು ಸಾವಿರ ಎಂದವರಿದ್ದಾರೆ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಬದುಕಿದವರಲ್ಲಿ ಬಹಳ ಮಂದಿಯನ್ನು ಬಲವಂತದಿಂದ ಮತಾಂತರಿಸಿದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಇವರನ್ನು ಮತ್ತೆ ಒಟ್ಟುಗೂಡಿಸಲು ಬಂದವನು ಫ್ರಾನ್ಸಿನ ಕ್ರಾಂತಿಯ ಕತ್ತಿಯಿಂದ ಪಾರಾಗಿ 1792ರಲ್ಲಿ ಭಾರತಕ್ಕೆ ಹೊರಟುಬಂದಿದ್ದ ಪ್ಯಾರಿಸ್ ಮಿಷನ್ನಿನ ಪಾದ್ರಿ ಅಬ್ಬೆ ದ್ಯುಬುವಾ. ಜನ ಅವನನ್ನು ದೊಡ್ಡಸ್ವಾಮಿಯವರು ಎಂದರು.

ದ್ಯುಬುವಾ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ, ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯ ಕುರಿತ ಪತ್ರಗಳಲ್ಲಿ ಈ ಸೆರೆಯ ಬಗ್ಗೆ ಬರೆಯುವಾಗ, ಅಷ್ಟು ಸಾವಿರ ಜನರಲ್ಲಿ ಒಬ್ಬನೂ ನಂಬಿಕೆಗಾಗಿ ಪ್ರಾಣ ಕೊಡಲು ಮುಂದಾಗಲಿಲ್ಲವಲ್ಲ ಎಂದು ನಾಚಿಕೆಪಡುತ್ತಾನೆ. ಆ ಸಾಲುಗಳನ್ನು ಇಂದು ಓದುವಾಗ ಮನಸ್ಸು ಕಹಿಯಾಗುತ್ತದೆ. ಕಷ್ಟವೆಂದರೆ ದೇವರು ಒಡ್ಡಿದ ಪರೀಕ್ಷೆ ಎಂದು ಒಪ್ಪಿಬಿಟ್ಟರೆ ಅದರ ಮುಂದಿನ ಹೆಜ್ಜೆ ಇದೇ: ಪರೀಕ್ಷೆ ಇದ್ದ ಮೇಲೆ ಪಾಸಾದವರು, ಫೇಲಾದವರು ಎಂಬ ಪಟ್ಟಿ ಇರಲೇಬೇಕು. ನೂರಾರು ಮೈಲಿ ನಡೆದು, ದಾರಿಯಲ್ಲಿ ಮಕ್ಕಳನ್ನು ಕಳೆದುಕೊಂಡು, ಸೆರೆಯಲ್ಲಿ ಬದುಕುಳಿದ ತಾಯಿ ಆ ಪಟ್ಟಿಯಲ್ಲಿ ಫೇಲಾದವಳು. ಶಿಕ್ಷೆಯ ವಾದ ನೊಂದವರನ್ನು ಪಾಪಿಗಳಾಗಿ ಮಾಡುತ್ತದೆ, ಪರೀಕ್ಷೆಯ ವಾದ ಹೇಡಿಗಳಾಗಿ. ದ್ಯುಬುವಾ ಕಟುಕನಲ್ಲ, ಅದೇ ಜನರನ್ನು ಅವನೇ ಮರಳಿ ಸೇರಿಸಿಕೊಂಡ, ಹಾಸನದ ಕಡೆ ಸಾಥಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದ. ಅವನ ಲೇಖನಿಗಿಂತ ಅವನ ಕೈ ದೊಡ್ಡದು ಎನ್ನಬೇಕು.

ಆ ಕೈ ಮಾಡಿದ ಅತಿ ದೊಡ್ಡ ಕೆಲಸ ದೇವಕಾರ್ಯವೆಂದು ಯಾರಿಗೂ ತೋರದಂಥದು. ಸಿಡುಬಿನ ಹಾಲು, ಅಂದರೆ ಲಸಿಕೆ, ಹಾಕುವ ಜೆನ್ನರನ ವಿಧಾನ 1802ರಲ್ಲಿ ಮುಂಬಯಿಗೆ ಬಂತು. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸಲು ಹೊರಟ. 1803–04ರ ಕೆಲವೇ ತಿಂಗಳಲ್ಲಿ 25,432 ಮಂದಿಗೆ ಹಾಕಿಸಿದ ಲೆಕ್ಕ ಕೊಟ್ಟ. ಆಗ ಶೀಶೆಯಲ್ಲಿ ಕೂಡಿಡುವ ಔಷಧಿ ಇರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ತೆಗೆದ ಕೀವನ್ನು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು, ಆ ಸರಪಳಿ ಎಲ್ಲೂ ತುಂಡಾಗಬಾರದು. ಜಾತಿಯ ಮಡಿಮೈಲಿಗೆ ಬಿಗಿಯಾಗಿದ್ದ ನಾಡಿನಲ್ಲಿ ಹಾಗೆ ತೋಳಿಂದ ತೋಳಿಗೆ ದಾಟಿಸುವುದು ಎಷ್ಟು ತ್ರಾಸದ್ದೆಂದು ಊಹಿಸಬಹುದು. ಸಿಡುಬು ಎಂದರೆ ಇಲ್ಲಿ ಅಮ್ಮ, ಮೈಮೇಲೆ ಬಂದ ದೇವತೆ. ಅವಳನ್ನು ತಣಿಸಬೇಕೇ ಹೊರತು ತಡೆಯುವುದು ಸಲ್ಲದು. ಇದನ್ನು ಅಂಧಶ್ರದ್ಧೆ ಎಂದು ನಗುವ ಮೊದಲು ಲಂಡನ್ನಿನ ಕಡೆ ನೋಡಬೇಕು. 1722ರಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಪಾದ್ರಿ ಯೋಬನ ಗ್ರಂಥವನ್ನೇ ಹಿಡಿದು, ಸಿಡುಬು ತಡೆಯಲು ತೋಳು ಗೀರಿ ಸಿಡುಬಿನದೇ ಕೀವು ಹಚ್ಚುವ ಅಂದಿನ ಪದ್ಧತಿಯನ್ನು ಖಂಡಿಸಿ ಉಪದೇಶ ಮಾಡಿದ್ದ: ರೋಗವನ್ನು ದೇವರು ಕಳಿಸುವುದು ನಂಬಿಕೆಯ ಪರೀಕ್ಷೆಗೆ ಇಲ್ಲವೆ ಪಾಪದ ಶಿಕ್ಷೆಗೆ, ಯೋಬನ ಮೈಗೆ ಹುಣ್ಣು ಹಾಕಿದ ಸೈತಾನನೇ ಮೊದಲ ಸೂಜಿಗಾರ. ಶಿಕ್ಷೆ ಮತ್ತು ಪರೀಕ್ಷೆಯ ವಾದಗಳನ್ನು ಪ್ರಾಮಾಣಿಕವಾಗಿ ಕೊನೆಯವರೆಗೆ ಎಳೆದರೆ ನಿಲ್ಲುವುದು ಮ್ಯಾಸಿ ನಿಂತಲ್ಲೇ. ರೋಗ ದೇವರ ಪತ್ರವಾದರೆ ಅದನ್ನು ತಡೆಯುವುದು ಅಂಚೆ ಕದ್ದಂತೆ. ದ್ಯುಬುವಾ ಮ್ಯಾಸಿಗೆ ಉತ್ತರವೆಂದು ಏನನ್ನೂ ಬರೆದವನಲ್ಲ. ಇಪ್ಪತ್ತೈದು ಸಾವಿರ ತೋಳುಗಳ ಮೇಲಿನ ಕಲೆಯೇ ಉತ್ತರವಾಯಿತು: ಈ ಕಷ್ಟ ದೇವರು ಕಳಿಸಿದ್ದಲ್ಲ, ಅಥವಾ ಕಳಿಸಿದ್ದರೂ ಇಟ್ಟುಕೊಳ್ಳಬೇಕಾದ್ದಲ್ಲ.

ಬರ ಇನ್ನೂ ಬಿಗಿಯಾದ ಪ್ರಶ್ನೆ ಕೇಳಿತು. ಹಳೆಯ ಮೈಸೂರಿನವರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುವ 1876–78ರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯೇ ಕುಸಿಯಿತು. 1871ರ ಗಣತಿಯಲ್ಲಿ 50,55,412 ಇದ್ದವರು 1881ರಲ್ಲಿ 41,86,188. ಮಳೆ ನಿಲ್ಲಿಸಿದವನು ದೇವರು ಎನ್ನೋಣ. ಆದರೆ ಹಸಿದವರ ಕಣ್ಣೆದುರೇ ಈ ದೇಶದ ಧಾನ್ಯ ಹಡಗು ಹತ್ತಿ ಹೋಗಲು ಬಿಟ್ಟವರು, ಮದರಾಸು ಪ್ರಾಂತ್ಯದ ಕಾಮಗಾರಿಗಳಲ್ಲಿ ಕೂಲಿಗೆ ದಿನಕ್ಕೆ ಒಂದು ಪೌಂಡು ಕಾಳು ಸಾಕೆಂದು ಕಟ್ಟುಮಾಡಿದ ರಿಚರ್ಡ್ ಟೆಂಪಲ್, ಅಗ್ಗದ ಆಡಳಿತವನ್ನೇ ಧರ್ಮವೆಂದು ಹಿಡಿದ ವೈಸರಾಯ್ ಲಿಟ್ಟನ್, ಇವರೆಲ್ಲ ದೇವರಲ್ಲ. ಲಿಟ್ಟನ್ ಬೆಂಗಳೂರಿಗೆ ಬಂದು ಮೈಸೂರಿನ ಪರಿಹಾರದ ಏರ್ಪಾಡನ್ನು ಬದಲಿಸಿದ್ದು 1877ರ ಸೆಪ್ಟೆಂಬರಿನಲ್ಲಿ, ಒಂದು ವರ್ಷ ತಡವಾಗಿ. ರಾಮನಗರ, ಚನ್ನಪಟ್ಟಣಗಳ ಮೇಲೆ ಹಾದುಹೋಗುವ ಬೆಂಗಳೂರು–ಮೈಸೂರು ರೈಲು ಹಾದಿಯ ಏರಿಗಳಲ್ಲಿ ಆ ಕಾಲದ ಕ್ಷಾಮ ಕಾಮಗಾರಿಯ ಮಣ್ಣಿದೆ. ಚನ್ನಪಟ್ಟಣದವರೆಗೆ ಗಾಡಿ ಓಡಿದ್ದು 1881ರಲ್ಲಿ. ಇಲ್ಲಿ ಅಗಸ್ಟೀನನ ಸ್ವಾತಂತ್ರ್ಯದ ವಾದಕ್ಕೆ ಸ್ವಲ್ಪ ಬಲ ಬರುತ್ತದೆ: ಅರ್ಧ ಕೇಡು ಮನುಷ್ಯನ ಆಯ್ಕೆಯೇ. ಆದರೆ ಆ ವಾದದ ಹುಳುಕೂ ಇಲ್ಲೇ ಕಾಣುತ್ತದೆ. ಆಯ್ಕೆ ಮಾಡಿದವರು ಸಿಮ್ಲಾದಲ್ಲಿ, ಅನುಭವಿಸಿದವರು ಸಾತನೂರಿನಲ್ಲಿ. ಒಬ್ಬನ ಸ್ವಾತಂತ್ರ್ಯಕ್ಕೆ ಇನ್ನೊಬ್ಬನ ಮಗು ಬೆಲೆ ತೆರುವುದನ್ನು ಅದು ವಿವರಿಸುತ್ತದೆ, ಸಮರ್ಥಿಸಲಾರದು. ಇದೇ ಮಾತನ್ನು ಅದೇ ಹೊತ್ತಿನಲ್ಲಿ, 1879–80ರಲ್ಲಿ, ರಷ್ಯಾದ ದೊಸ್ತೊಯೆವ್‌ಸ್ಕಿ ತನ್ನ ಕರಮಜೋವ್ ಸಹೋದರರ ಕಾದಂಬರಿಯ ಇವಾನನ ಬಾಯಲ್ಲಿ ಹೇಳಿಸುತ್ತಿದ್ದ.

ಮಿಷನ್ನುಗಳು ಬರಕ್ಕೆ ಕೊಟ್ಟ ಉತ್ತರ ಜಮೀನಿನ ದಾಖಲೆಯಲ್ಲಿದೆ. ತಬ್ಬಲಿಗಳಾಗಿ ಉಳಿದ ಮಕ್ಕಳನ್ನು ಸಾಕಿ, ಬೆಳೆದ ಮೇಲೆ ಅವರಿಗೆ ಮದುವೆ ಮಾಡಿಸಿ, ಹೊಲ ಕೊಟ್ಟು ಕೂರಿಸಲೆಂದು ಕಥೋಲಿಕ ಪಾದ್ರಿಗಳು ಹೊಸ ಊರುಗಳನ್ನೇ ಕಟ್ಟಿದರು: ನೆಲಮಂಗಲದ ಕಡೆ ಸಿಲುವೆಪುರ, ಕಾನಕಾನಹಳ್ಳಿ ತಾಲ್ಲೂಕಿನಲ್ಲಿ ಮರಿಯಾಪುರ. ಮೆಥಡಿಸ್ಟರ ವೆಸ್ಲಿಯನ್ ಮಿಷನ್ ತುಮಕೂರು, ಹಾಸನಗಳಲ್ಲಿ ಅನಾಥಾಲಯ ನಡೆಸಿತು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಿಷನರಿ ಅದನ್ನೇ ಮಾಡಿದಳು. ಊರಿನ ಹೆಸರುಗಳನ್ನು ಗಮನಿಸಿ. ಸಿಲುವೆ ಎಂದರೆ ಶಿಲುಬೆ. ಸಿರಿಯಾದ ಭಾಷೆಯಿಂದ ತಮಿಳಿಗೆ, ತಮಿಳಿನಿಂದ ನಮಗೆ ನಡೆದುಬಂದ ಪದ. ಬರದಲ್ಲಿ ತಾಯ್ತಂದೆ ಸತ್ತ ಮಕ್ಕಳ ಊರಿಗೆ ಕೊಲೆಗಂಬದ ಹೆಸರು, ಮಗನನ್ನು ಕಳೆದುಕೊಂಡ ತಾಯಿ ಮರಿಯಳ ಹೆಸರು. ವಿಜಯಪುರ, ಆನಂದಪುರ ಎಂದಿಡಬಹುದಿತ್ತು, ಇಡಲಿಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತು ಹಳೆಯದು, ಹಗುರಾಗಿ ತಳ್ಳಿಹಾಕುವಂಥದ್ದೂ ಅಲ್ಲ: ಇದು ಕರುಣೆಯಲ್ಲ, ಗಂಜಿ ತೋರಿಸಿ ಮತ ಕೊಂಡದ್ದು. ಪ್ಯಾರಿಸ್ ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಸಾಯುವ ಗಳಿಗೆಯ ಮಕ್ಕಳಿಗೆ ಕೊಟ್ಟ ಜ್ಞಾನಸ್ನಾನದ ಲೆಕ್ಕ ಅಂಕಿಗಳಲ್ಲಿ ಬರುತ್ತದೆ. ಅದನ್ನು ಸುಗ್ಗಿಯ ಲೆಕ್ಕದಂತೆ ಬರೆಯುವ ಧಾಟಿ ಇಂದಿನ ಕಿವಿಗೆ ಒಗ್ಗುವುದಿಲ್ಲ. ಮಕ್ಕಳಿಗೆ ಧರ್ಮ ಆರಿಸುವ ಅವಕಾಶವಿರಲಿಲ್ಲ ಎಂಬುದೂ ನಿಜ. ಇದನ್ನೆಲ್ಲ ಒಪ್ಪಿಯೂ ಎರಡು ಸಂಗತಿ ಉಳಿಯುತ್ತವೆ. ಮತದ ಎಣಿಕೆಯೇ ಗುರಿಯಾಗಿದ್ದರೆ ಸಾಯುವ ಮಗುವಿನ ಜ್ಞಾನಸ್ನಾನಕ್ಕೆ ಕೆಲಸ ಮುಗಿಯುತ್ತಿತ್ತು. ಬದುಕಿದ ಮಗುವಿಗೆ ಇಪ್ಪತ್ತು ವರ್ಷ ಅನ್ನ ಹಾಕಿ ಹೊಲ ಕೊಡುವುದು ನಷ್ಟದ ವ್ಯಾಪಾರ. ಇನ್ನೊಂದು, ನಮ್ಮ ವಾದಕ್ಕೆ ಹೆಚ್ಚು ಬೇಕಾದ್ದು: ಬರ ಪಾಪದ ಫಲ ಎಂದು ಪಾದ್ರಿ ಪೀಠದಿಂದ ಹೇಳಿದ್ದರೂ ಹೇಳಿರಬಹುದು, ಆದರೆ ಒಂದು ಮಗುವನ್ನು ಸಾಕಲು ಎತ್ತಿಕೊಂಡ ಕ್ಷಣವೇ ಆ ವಿವರಣೆಯನ್ನು ಅವನು ಕೈಬಿಟ್ಟಂತೆ. ಶಿಕ್ಷೆ ಅನುಭವಿಸುತ್ತಿರುವವನನ್ನು ಸೆರೆಯಿಂದ ಬಿಡಿಸುವುದು ಅಪರಾಧ. ಅದನ್ನು ಪುಣ್ಯವೆಂದು ಮಾಡಿದವನು, ಇದು ಶಿಕ್ಷೆಯಲ್ಲ ಎಂದು ಒಳಗೊಳಗೇ ಅರಿತವನು.

ಹಾಗಾದರೆ ಏಕೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲವಾಯಿತಲ್ಲ ಎಂದು ತರ್ಕ ಬಲ್ಲವರು ಆಕ್ಷೇಪಿಸುತ್ತಾರೆ. ನಮ್ಮ ಕರ್ಮಸಿದ್ಧಾಂತವಾದರೂ ಲೆಕ್ಕ ಚುಕ್ತಾ ಮಾಡಿ ತೋರಿಸುತ್ತದೆ: ಪಡೆದುಕೊಂಡು ಬಂದದ್ದು, ಅನುಭವಿಸಬೇಕು. ಕ್ರೈಸ್ತರಿಗೆ ಹಿಂದಿನ ಜನ್ಮದ ಖಾತೆಯಿಲ್ಲ. ಇದ್ದ ಒಂದೇ ಜನ್ಮದಲ್ಲಿ ಲೆಕ್ಕ ತಾಳೆಯಾಗದೆ ಉಳಿಯುತ್ತದೆ. ಆಕ್ಷೇಪ ಸರಿ. ಆದರೆ ತಾಳೆಯಾಗುವ ಲೆಕ್ಕವೆಲ್ಲ ನಿಜವೆಂದು ಹೇಳುವವರು ಯಾರು? ಈ ಸೀಮೆಯ ಜನಪದವೇ ಆ ಲೆಕ್ಕವನ್ನು ಪೂರ್ತಿ ನಂಬಿದ್ದಿಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಧರೆಗೆ ದೊಡ್ಡವರೆಂದು ಕರೆಸಿಕೊಳ್ಳುವ ಮಂಟೇಸ್ವಾಮಿ ಶರಣರ ಕಲ್ಯಾಣಕ್ಕೆ ಬರುವುದು ಕೀವು ಸೋರುವ ತೊನ್ನಿನ ಮೈ ಹೊತ್ತು, ಹೆಗಲ ಮೇಲೆ ಸತ್ತ ಕರು ಹೇರಿಕೊಂಡು. ನಾತಕ್ಕೆ ಮೂಗು ಮುಚ್ಚಿಕೊಂಡವರಿಗೆ ದೇವರು ಸಿಗುವುದಿಲ್ಲ. ಅವರ ಶಿಷ್ಯ ಸಿದ್ದಪ್ಪಾಜಿ ಸಾತನೂರಿನಾಚೆಯ ಹಲಗೂರಿನಲ್ಲಿ ಪಾಂಚಾಳರ ಕೈಯಲ್ಲಿ ಪಡುವ ಹಿಂಸೆಯೇ ಆ ಕಾವ್ಯದ ಒಂದು ದೊಡ್ಡ ಭಾಗ. ಹುಣ್ಣಾದ ಮೈಯಲ್ಲಿ ದೇವರನ್ನು ಗುರುತಿಸುವ ಅಭ್ಯಾಸ ಈ ನೆಲಕ್ಕೆ ಮೊದಲೇ ಇತ್ತು. ಶಿಲುಬೆಯ ಕಥೆ ಇಲ್ಲಿ ಬೇರು ಬಿಟ್ಟದ್ದಕ್ಕೂ ಅಗಸ್ಟೀನನ ತರ್ಕ ಬಿಡದಿದ್ದುದಕ್ಕೂ ಇದೂ ಒಂದು ಕಾರಣವಿರಬೇಕೆಂಬುದು ನನ್ನ ಊಹೆ. ಹಾರೋಬೆಲೆಯಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಗೆ ಊರಿನವರೇ ಬಣ್ಣ ಹಚ್ಚಿ ಆಡುವ ಪಾಡಿನ ನಾಟಕ, ‘ಮಹಿಮೆ’, ತರ್ಕ ಹೇಳುವುದಿಲ್ಲ. ಪರಿಚಯದ ಹುಡುಗನೊಬ್ಬನ ಬೆನ್ನಿಗೆ ಚಾಟಿ ಬೀಳುತ್ತದೆ, ನೋಡುವವರು ಅಳುತ್ತಾರೆ.

ದೇವರು ನೊಂದ ಎನ್ನುವುದನ್ನು ಪಂಡಿತರು ಅಷ್ಟು ಸುಲಭವಾಗಿ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ತಂದೆಯಾದ ದೇವರೇ ಶಿಲುಬೆಯಲ್ಲಿ ನೊಂದ ಎಂದವರನ್ನು ಆದಿಸಭೆ ಪಾಷಂಡಿಗಳೆಂದು ಹೊರಗಿಟ್ಟಿತು. ಕ್ರಿಸ್ತ ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಕಾಲ್ಸಿಡನ್ ಸಭೆ ಗೆರೆ ಎಳೆದ ಮೇಲೆ, ನೊಂದದ್ದು ಅವನ ಮನುಷ್ಯಸ್ವಭಾವ, ದೈವಸ್ವಭಾವಕ್ಕೆ ನೋವಿಲ್ಲ ಎಂಬುದೇ ಶಾಸ್ತ್ರವಾಯಿತು. ಯುರೋಪಿನ ಚಿಂತಕರು ಈ ಗೆರೆಯನ್ನು ಅಳಿಸತೊಡಗಿದ್ದು ಎರಡು ಮಹಾಯುದ್ಧಗಳ ಹೆಣಗಳನ್ನು ಕಂಡ ಮೇಲೆ. ನೋಯುವ ದೇವರೊಬ್ಬನೇ ನೆರವಾಗಬಲ್ಲ ಎಂದು 1944ರಲ್ಲಿ ಹಿಟ್ಲರನ ಸೆರೆಮನೆಯಿಂದ ಬಾನ್‌ಹಾಫರ್ ಬರೆದ. 1972ರಲ್ಲಿ ಮೋಲ್ಟ್‌ಮನ್ ಶಿಲುಬೆಗೇರಿದ ದೇವರೆಂಬ ಹೆಸರಿನಲ್ಲೇ ಗ್ರಂಥ ಬರೆದ. ಪಾಡು ಎಂಬ ಒಂದೇ ಪದವನ್ನು ಕೂಲಿಯವನಿಗೂ ಕ್ರಿಸ್ತನಿಗೂ ಬಳಸುತ್ತಿದ್ದ ಅರ್ಕಾವತಿ ದಂಡೆಯವರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ.

ಉಳಿದಿರುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ದೇವರೇ ನೊಂದ ಎಂದು ನೋವನ್ನು ಪವಿತ್ರ ಮಾಡಿದರೆ, ನೋಯಿಸುವವನಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕೇ? ಗಂಡನ ಏಟು ತಿನ್ನುವ ಹೆಂಗಸಿಗೆ, ಜೀತದವನಿಗೆ, ಇದು ನಿನ್ನ ಶಿಲುಬೆ, ಹೊತ್ತುಕೋ ಎಂದು ಹೇಳಿದ ಪಾದ್ರಿಗಳು ಕಡಿಮೆಯಿಲ್ಲ. ಆ ಮಾತನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸಂಕಷ್ಟದ ಅರ್ಥದ ಬಗ್ಗೆಯೇ ಒಂದು ಪತ್ರ ಬರೆದಾಗ, ಅದರ ಕೊನೆಯ ಭಾಗವನ್ನು ಗಾಯಗೊಂಡವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆಗೆ ಮೀಸಲಿಟ್ಟದ್ದು ಈ ಅಪಾಯವನ್ನು ಬಲ್ಲುದರಿಂದಲೇ ಇರಬೇಕು. ಆದರೆ ಅದಕ್ಕೂ ಮೂರು ವರ್ಷ ಮೊದಲು, 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಒಂದು ಭಾಷಣ ಇದಕ್ಕಿಂತ ಮುಂದೆ ಹೋಗಿತ್ತು. ಮೇಲುಜಾತಿಯವರ ತತ್ತ್ವಶಾಸ್ತ್ರವನ್ನು ಎರವಲು ಪಡೆದು ಕಟ್ಟಿದ ಭಾರತೀಯ ಕ್ರೈಸ್ತಚಿಂತನೆ ಇಲ್ಲಿನ ಬಹುಪಾಲು ಕ್ರೈಸ್ತರ ಬದುಕನ್ನೇ ಮರೆತಿದೆ ಎಂದ ನಿರ್ಮಲ್, ನೋವುಂಡವರ ನೋವಿನಿಂದಲೇ ದೇವರನ್ನು ಅರಿಯಬೇಕೆಂದರು. ದಲಿತ ದೇವತಾಶಾಸ್ತ್ರ ಎಂದು ಮುಂದೆ ಹೆಸರಾದ ಚಿಂತನೆಗೆ ಅಲ್ಲಿ ಮೊದಲಾಯಿತು. ಯೆಶಾಯನ ಗ್ರಂಥದ ನೊಂದ ಸೇವಕನನ್ನೂ ಶಿಲುಬೆಯ ಕ್ರಿಸ್ತನನ್ನೂ ಅದು ದಲಿತರೆಂದೇ ಕಂಡಿತು. ಇಲ್ಲಿ ನೋವು ಹೊರಬೇಕಾದ ಪುಣ್ಯವಲ್ಲ. ಮಾಡಿದವನ ವಿರುದ್ಧ ನಿಂತ ಸಾಕ್ಷಿ. ಶಿಲುಬೆ ರೋಮಿನ ಸರ್ಕಾರ ಕಾನೂನಿನ ಪ್ರಕಾರವೇ ಕೊಟ್ಟ ಶಿಕ್ಷೆ ಎಂಬುದನ್ನು ಮರೆತಾಗ ಮಾತ್ರ ಅದು ಸಹನೆಯ ಪಾಠವಾಗುತ್ತದೆ.

ಈ ವ್ಯತ್ಯಾಸ ಇಂದಿಗೂ ಬೇಕಾದ್ದು. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬೈರಮಂಗಲ ಕೆರೆ ತುಂಬಿ, ಮುಂದೆ ಅರ್ಕಾವತಿ ಸೇರಿ ಹಾರೋಬೆಲೆ ಅಣೆಕಟ್ಟಿನವರೆಗೆ ಬರುತ್ತದೆ. ಆ ನೀರಿನ ನೊರೆಯನ್ನು ದೇವರು ಬಿಟ್ಟಿರುವ ಸಂಕಷ್ಟ ಎಂದು ಕರೆದರೆ ಮಲಗ್ರಿಡನ ಪಕ್ಕ ಕುಳಿತಂತೆ. ಅಲ್ಲಿ ದೇವರ ಇಚ್ಛೆಗಿಂತ ಮೊದಲು ಕೇಳಬೇಕಾದ್ದು ಕೊಳಚೆ ಶುದ್ಧೀಕರಣದ ಲೆಕ್ಕ.

ಹಾರೋಬೆಲೆಯ ಮಗ್ಗುಲಲ್ಲಿ ಕಪಾಲಬೆಟ್ಟವಿದೆ. ಯೇಸುವನ್ನು ಕೊಂದ ಗುಡ್ಡದ ಹೆಸರು ಗೊಲ್ಗೊಥಾ. ಅದರ ಅರ್ಥವೂ ಕಪಾಲವೇ. 2019ರ ಕ್ರಿಸ್ಮಸ್ ದಿನ ಅಲ್ಲಿ 114 ಅಡಿಯ ಯೇಸು ಪ್ರತಿಮೆ ನಿಲ್ಲಿಸುವ ಕೆಲಸಕ್ಕೆ ಚಾಲನೆ ಸಿಕ್ಕಿ, ಮರುತಿಂಗಳೇ ಕನಕಪುರದಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. ತಲೆಮಾರುಗಳಿಂದ ನಾವು ಪ್ರಾರ್ಥಿಸುತ್ತ ಬಂದ ಬೆಟ್ಟ ಎಂದು ಒಂದು ಕಡೆಯವರು, ಇದು ಮುನೇಶ್ವರನ ಬೆಟ್ಟ ಎಂದು ಇನ್ನೊಂದು ಕಡೆಯವರು. ಎರಡು ಪಕ್ಷಗಳ ರಾಜಕೀಯ ಸೇರಿಕೊಂಡ ಆ ಜಗಳದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ಪಾಡಿನ ದೇವರಿಗೆ 114 ಅಡಿ ಏತಕ್ಕೆ? ಸಿಲುವೆಪುರ, ಮರಿಯಾಪುರ ಎಂದು ಹೆಸರಿಟ್ಟವರ ಲೆಕ್ಕಕ್ಕೆ ಎತ್ತರ ಬೇಕಿರಲಿಲ್ಲ. ಶುಭ ಶುಕ್ರವಾರ ಕಥೋಲಿಕರು ನಡೆಯುವ ಶಿಲುಬೆಹಾದಿಯಲ್ಲಿ, 1731ರಲ್ಲಿ ಪೋಪರು ಗೊತ್ತುಮಾಡಿದಂತೆ, ಹದಿನಾಲ್ಕು ನಿಲುಗಡೆಗಳು. ಅದರಲ್ಲಿ ಮೂರು ಕಡೆ ದೇವರು ಎಡವಿ ಬೀಳುತ್ತಾನೆ. ಒಂದು ಕಡೆ ಹೊಲದಿಂದ ಬರುತ್ತಿದ್ದ, ಸಂಬಂಧವೇ ಇಲ್ಲದ ಸಿಮೋನನೆಂಬ ದಾರಿಹೋಕನ ಹೆಗಲಿಗೆ ಸಿಪಾಯಿಗಳು ಶಿಲುಬೆಯ ಭಾರ ಹೊರಿಸುತ್ತಾರೆ. ಒಂದು ಕಡೆ ಹೆಂಗಸೊಬ್ಬಳು ರಕ್ತದ ಮುಖ ಒರೆಸುತ್ತಾಳೆ. ಹದಿನಾಲ್ಕನೆಯದರಲ್ಲಿ ಹೆಣವನ್ನು ಗುಹೆಯಲ್ಲಿಟ್ಟು ಕಲ್ಲು ಮುಚ್ಚುತ್ತಾರೆ. ಪುನರುತ್ಥಾನಕ್ಕೆ ಆ ಹಾದಿಯಲ್ಲಿ ಜಾಗವಿಲ್ಲ. ಅದು ಭಾನುವಾರದ ಮಾತು. ಜನ ಅಲ್ಲಿಗೆ ನಿಲ್ಲಿಸಿ, ಶನಿವಾರವಿಡೀ ಕಾಯಲು ಬೆಟ್ಟ ಇಳಿದು ಮನೆಗೆ ಹೋಗುತ್ತಾರೆ.